ಕಾಗದ ಕಾಯುವ ರಹಿಮಾನ್

ಕೊಟ್ಟೂರಿನ ರೇಡಿಯೋ ರಹಿಮಾನ್ ಬಾಗಿಲಿಗೆ ಬೆನ್ನು ಕೊಟ್ಟು ಕೂತದ್ದನ್ನು ಕಂಡವರಿರಲಿಲ್ಲ. ಮದುವೆಯ ಪಂಕ್ತಿಯಲ್ಲಾಗಲಿ, ಚಹಾದಂಗಡಿಯ ಬೆಂಚಿನ ಮೇಲಾಗಲಿ, ಕಡೆಗೆ ತನ್ನ ಸ್ವಂತ ಮನೆಯ ಪಡಸಾಲೆಯಲ್ಲಾಗಲಿ, ಒಳಗೆ ಬರುವವರ ಮುಖ ಮೊದಲು ತನ್ನ ಕಣ್ಣಿಗೇ ಬೀಳುವಂಥ ಮೂಲೆಯನ್ನು ಹುಡುಕಿ, ಒಂದು ತೊಡೆಯ ಮೇಲಷ್ಟೇ ಭಾರ ಹಾಕಿ, ಯಾವ ಗಳಿಗೆಯಲ್ಲಾದರೂ ಎದ್ದು ನಿಲ್ಲಬೇಕಾದೀತು ಎಂಬವನ ಹಾಗೆ ಅರ್ಧ ಕೂಡುತ್ತಿದ್ದ. ದಾರಿಯಲ್ಲಿ ಜೀಪಿನ ಸಪ್ಪಳವಾದರೆ ಅವನ ಬಲಗೈ ತಾನಾಗಿ ಎದೆಯ ಮೇಲಕ್ಕೆ ಹೋಗುತ್ತಿತ್ತು. ಹೊಸಬರು ಎದೆನೋವಿರಬೇಕೆಂದು ನೀರು ತರಲು ಓಡುತ್ತಿದ್ದರು. ಅವನು ಮುಟ್ಟಿ ನೋಡಿಕೊಳ್ಳುತ್ತಿದ್ದದ್ದು ಕೋಟಿನ ಒಳಜೇಬನ್ನು ಎಂಬುದು ಹೆಂಡತಿ ಮುಮ್ತಾಜ್ ಬೇಗಂಗೆ ಮಾತ್ರ ಗೊತ್ತಿತ್ತು. ಆ ಜೇಬನ್ನು ಹೊಲಿದವಳೇ ಅವಳು.

ಬೂದುಬಣ್ಣದ ಕೋಟು, ನಿಕಾಹದ ಹೊತ್ತಿಗೆ ಮುಮ್ತಾಜಳ ತಂದೆ ಹೊಲಿಸಿಕೊಟ್ಟದ್ದು. ಚೈತ್ರದ ಬಿಸಿಲಿಗೆ ನಾಯಿಗಳೂ ಚರಂಡಿಯ ತೇವ ಹುಡುಕಿ ಮಲಗುವ ನಮ್ಮ ಸೀಮೆಯಲ್ಲಿ, ರಹಿಮಾನ್ ಆ ಕೋಟು ತೊಟ್ಟು, ಕುತ್ತಿಗೆಯ ಬೆವರನ್ನು ಎಡಗೈಯ ಕರ್ಚೀಫಿನಿಂದ ಒರೆಸಿಕೊಳ್ಳುತ್ತ, ಹೆಜ್ಜೆಯ ಮೇಲೆ ಹೆಜ್ಜೆಯಿಟ್ಟು ಗೋಡೆ ಸವರಿಕೊಂಡೇ ನಡೆಯುತ್ತಿದ್ದ. ಒಳಗೆ ನಾಲ್ಕು ಜೇಬು. ಸೈಕಲ್ಲಿನ ರಸೀತಿ, ಗೋಡೆ ಗಡಿಯಾರದ ರಸೀತಿ, ಹೊಲಿಗೆ ಯಂತ್ರದ್ದು, ಫ್ಯಾನಿನದು, ಮನೆಗಂದಾಯದ್ದು, ಎಲ್ಲವೂ ಹಾಲಿನ ಪ್ಯಾಕೆಟ್ಟಿನ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಂಡು ಅವನ ಎದೆಯ ಬಿಸಿಯಲ್ಲೇ ಇರುತ್ತಿದ್ದವು. ಮುಮ್ತಾಜಳಿಗೆ ಅಕ್ಷರ ಬಾರದು. ಆದರೂ ಕೋಟು ಒಗೆಯುವ ದಿನ ಒಂದೊಂದನ್ನೂ ಬೆರಳಿನಿಂದಲೇ ಗುರುತಿಸುತ್ತಿದ್ದಳು. ಮೂಲೆ ಹರಿದದ್ದು ಫ್ಯಾನು, ಎಣ್ಣೆ ಕುಡಿದದ್ದು ಹೊಲಿಗೆ ಯಂತ್ರ, ನಾಲ್ಕು ಮಡಿಕೆಯದು ಸೈಕಲ್ಲು.

ಅವನ ರೇಡಿಯೋ ರಿಪೇರಿ ಅಂಗಡಿಯ ಮೆಟ್ಟಿಲ ಪಕ್ಕದಲ್ಲಿ ಮಂಡಕ್ಕಿ ಮಿರ್ಚಿ ಮಾರುವ ದ್ಯಾಮಕ್ಕನಿಗೆ ಇದು ದಿನಬೆಳಗಾದರೆ ಸಿಗುವ ತಮಾಷೆ.

“ಏನ್ ರಹಿಮಾನಣ್ಣ, ಎಲ್ಲಾದಕ್ಕೂ ರಸೀತಿ ಇಟ್ಟೀಯಲ್ಲ, ನಮ್ಮ ಮುಮ್ತಾಜಕ್ಕಂದು ಐತೋ ಇಲ್ಲೋ?”

ಅವನು ನಗಲಿಲ್ಲ. ಎಡಗಡೆಯ ಜೇಬು ತಟ್ಟಿ, “ಐತಿ. ನಿಕಾಹನಾಮಾ ಇಲ್ಲೇ ಐತಿ” ಎಂದ.

ದ್ಯಾಮಕ್ಕ ಬಾಣಲೆಯ ಮುಂದೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕದ್ದೇ ನಕ್ಕದ್ದು. ಒಳಗಿದ್ದ ಮುಮ್ತಾಜಳಿಗೂ ನಗು ಬಂತು; ಬಂದದ್ದನ್ನು ನುಂಗಿಕೊಂಡಳು. ಏಕೆಂದರೆ ಆ ಭಯದ ಬುಡ ಎಲ್ಲಿದೆಯೆಂದು ಅವಳು ಕೇಳಿ ಬಲ್ಲಳು. ಮದುವೆಯಾದ ಹೊಸತರಲ್ಲಿ, ಒಮ್ಮೆಲೇ ಹೇಳಲಾರದೆ, ಮೂರು ನಾಲ್ಕು ವರ್ಷಗಳಲ್ಲಿ ತುಣುಕು ತುಣುಕಾಗಿ ಅವನು ಹೇಳಿದ್ದನ್ನು ಅವಳು ಚಿಂದಿ ಕೂಡಿಸಿ ಕೌದಿ ಹೊಲಿದ ಹಾಗೆ ಹೊಲಿದುಕೊಂಡಿದ್ದಳು.

ಅವನಿಗೆ ಹನ್ನೆರಡು ವರ್ಷವಿದ್ದಾಗ ಅವನ ತಂದೆ ಬಳ್ಳಾರಿಯಿಂದ ಒಂದು ರೇಡಿಯೋ ತಂದರು. ಪೂರ್ತಿ ದುಡ್ಡು ಕೊಟ್ಟು, ರಸೀತಿ ಬರೆಸಿಕೊಂಡು ತಂದದ್ದು. ಓಣಿಯ ಮಂದಿಯೆಲ್ಲ ಸಂಜೆ ಅವರ ಕಟ್ಟೆಗೆ ಬಂದು ಕೂಡುತ್ತಿದ್ದರು. ರೇಡಿಯೋ ಇಟ್ಟುಕೊಳ್ಳಲು ವರ್ಷ ವರ್ಷ ಲೈಸೆನ್ಸು ಮಾಡಿಸಬೇಕಾಗಿದ್ದ ಕಾಲವದು. ಒಂದು ವರ್ಷ ಮಾಡಿಸಿದ ತಂದೆಗೆ ಮರುವರ್ಷ ಮರೆತುಹೋಯಿತು. ಒಂದು ಮಧ್ಯಾಹ್ನ ಲೈಸೆನ್ಸು ಕೇಳಿಕೊಂಡು ಖಾಕಿ ಚೀಲದವನೊಬ್ಬ ಸೈಕಲ್ಲಿನಲ್ಲಿ ಬಂದ. ತಂದೆ ರಸೀತಿ ತೋರಿಸಿದರು. ಬಂದವನು ಅದನ್ನು ಓದಿ, ಮಡಚಿ ಹಿಂದಕ್ಕೆ ಕೊಟ್ಟು, “ಪೆಟ್ಟಿಗಿ ನಿಂದಪ. ಕೇಳೋ ಹಕ್ಕು ನಿಂದಲ್ಲ” ಎಂದು ಹೇಳಿ, ರೇಡಿಯೋವನ್ನು ಕ್ಯಾರಿಯರಿಗೆ ಹಗ್ಗದಲ್ಲಿ ಬಿಗಿದು ಹೊರಟ. ಓಣಿ ನೋಡುತ್ತ ನಿಂತಿತ್ತು. ತಂದೆ ದಂಡ ಕಟ್ಟಿ ಅದನ್ನು ಬಿಡಿಸಿ ತಂದರು, ಆದರೆ ಸಾಯುವತನಕ ಅದರ ಕಿವಿ ತಿರುಗಿಸಲಿಲ್ಲ. ಆ ದಿನ ಬಾಗಿಲಿಗೆ ಬೆನ್ನು ಮಾಡಿ ಊಟಕ್ಕೆ ಕೂತಿದ್ದವನು ರಹಿಮಾನ್. ಬಂದವನನ್ನು ಎಲ್ಲರಿಗಿಂತ ಕಡೆಗೆ ಕಂಡವನೂ ಅವನೇ.

ಅದೇ ಹುಡುಗ ಮುಂದೆ ರೇಡಿಯೋ ಮೆಕ್ಯಾನಿಕ್ ಆದ. ಹತ್ತಾರು ಹಳ್ಳಿಯ ರೇಡಿಯೋ ಅವನ ಕೈಯಲ್ಲಿ ಬಾಯಿಬಿಟ್ಟು ಮಲಗಿದವು. ಒಯ್ಯಲು ಯಾರೂ ಬಾರದ ಪೆಟ್ಟಿಗೆಗಳನ್ನು ಬೇರೆಯವರು ಮಾರಿಕೊಳ್ಳುತ್ತಿದ್ದರು. ಇವನು ಹೆಸರು ಬರೆದು ಅಟ್ಟದ ಮೇಲಿಟ್ಟು, ರಂಜಾನಿಗೊಮ್ಮೆ ಧೂಳು ಹೊಡೆದು, ಮತ್ತೆ ಅಲ್ಲೇ ಇಡುತ್ತಿದ್ದ. ಮಾಗಳದ ಕುರಿಗಾರ ಮೈಲಪ್ಪನ ಟ್ರಾನ್ಸಿಸ್ಟರ್ ಹೀಗೇ ಹನ್ನೊಂದು ವರ್ಷ ಇತ್ತು. ಒಂದು ದಿನ ಕುರಿ ಹೊಡೆದುಕೊಂಡು ಈ ಕಡೆ ಬಂದ ಮೈಲಪ್ಪ ಬೀಡಿಗೆ ಬೆಂಕಿ ಕೇಳಲು ಅಂಗಡಿಗೆ ಬಂದರೆ, ರಹಿಮಾನ್ ಬೆಂಕಿಯ ಜೊತೆಗೆ ಟ್ರಾನ್ಸಿಸ್ಟರನ್ನೂ ಮುಂದಿಟ್ಟ.

“ಅಯ್ಯ ಸಾಬಣ್ಣ, ನಾ ಇದನ್ನ ಮರತಽ ಬಿಟ್ಟಿದ್ದೆ. ನೀ ಮಾರ್ಕಂಡಿದ್ರೂ ನಾ ಕೇಳ್ತಿರಲಿಲ್ಲಲೋ.”

“ನೀ ಕೇಳ್ತಿರಲಿಲ್ಲ, ಖರೆ. ಕೇಳಾವ ಮ್ಯಾಲೊಬ್ಬ ಅದಾನ” ಎಂದ ರಹಿಮಾನ್.

ಹೊಸ ಶತಮಾನ ಹುಟ್ಟಿ ಐದಾರು ವರ್ಷವಾಗುವಷ್ಟರಲ್ಲಿ ರೇಡಿಯೋ ರಿಪೇರಿಗೆ ಬರುವವರು ನಿಂತೇಹೋದರು. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಎಲ್ಲ ಕಡೆಯೂ ಕಂಪ್ಯೂಟರಿನಲ್ಲಿ ಆಟವಾಡಿಸುವ ಕೋಣೆಗಳು ತೆರೆದವು. ಗಂಟೆಗಿಷ್ಟು ಎಂದು ಕೊಟ್ಟರೆ ಪರದೆಯ ಮೇಲೆ ಕಾರು ಓಡಿಸಬಹುದು. ರಹಿಮಾನನೂ ಹಳೆಯ ಮೂರು ಕಂಪ್ಯೂಟರು ತಂದು, ಬಿಚ್ಚಿ ಜೋಡಿಸಿ, ಇಂಟರ್ನೆಟ್ಟಿಗೆ ಹಚ್ಚಿ, ಅಂಗಡಿಯ ಹಿಂದಿನ ಕೋಣೆಯಲ್ಲಿಟ್ಟ. ಎಲ್ಲರೂ ನಕಲು ಸೀಡಿ ಹಾಕಿಕೊಂಡರೆ ಇವನೊಬ್ಬನಿಗೆ ಅದು ಆಗದು. ದಾವಣಗೆರೆಗೆ ಹೋಗಿ, ಮೂರು ಕಂಪ್ಯೂಟರಿಗೂ ನಡೆಯುವ ಆಟದ ಅಸಲು ಡಬ್ಬಿಯನ್ನೇ ಕೊಂಡು, ಎರಡು ಕಡೆ ಸಹಿ ಹಾಕಿಸಿಕೊಂಡ ರಸೀತಿಯೊಂದಿಗೆ ಬಂದ. ಡಬ್ಬಿಯೊಳಗೆ ಸೀಡಿಯ ಜೊತೆ ಬೆಳ್ಳಿಯ ಹಾಗೆ ಮಿನುಗುವ ಮುದ್ರೆಯೊತ್ತಿದ ದಪ್ಪ ಕಾಗದವೊಂದಿತ್ತು. ಅದರ ಮೇಲೆ ಉದ್ದನೆಯ ನಂಬರು. ಕೆಳಗೆ ಇರುವೆ ಸಾಲಿನಂಥ ಅಕ್ಷರ.

ನಮ್ಮ ಕಡೆ ಹಿಟ್ಟಿನ ಗಿರಣಿಯವನಾಗಲಿ, ಔಷಧಿ ಅಂಗಡಿಯವನಾಗಲಿ, ರೇಷನ್ ಅಂಗಡಿಯವನಾಗಲಿ, ಮುದ್ರೆಯಿರುವ ಕಾಗದ ಕೈಗೆ ಬಂದರೆ ಮೊದಲು ಮಾಡುವ ಕೆಲಸ ಒಂದೇ. ಕಟ್ಟು ಹಾಕಿಸಿ, ಗಾಜಿನೊಳಗಿಟ್ಟು, ಬಂದವರ ಕಣ್ಣಿಗೆ ಮೊದಲು ಬೀಳುವಲ್ಲಿ ತೂಗುಹಾಕುವುದು. ಅಧಿಕಾರಿ ಬಾಯಿ ಬಿಡುವ ಮೊದಲೇ ಗೋಡೆ ಉತ್ತರ ಹೇಳಬೇಕು. ರಹಿಮಾನನೂ ಹಾಗೇ ಮಾಡಿದ. ಕಾಲೇಜಿಗೆ ಹೋಗುತ್ತಿದ್ದ ಮಗಳು ಮುಸ್ಕಾನ್, “ಅಬ್ಬಾ, ನಂಬರ್ ಎಲ್ಲಾರಿಗೂ ಕಾಣ್ತೈತಿ” ಎಂದಳು.

“ಕಾಣಲಿ ಅಂತನಽ ಹಾಕಿದ್ದು” ಎಂದ.

ಆಮೇಲೆ ನಡೆದದ್ದನ್ನು ಮುಮ್ತಾಜ್ ಯಾರಿಗೂ ಹೇಳಲಿಲ್ಲ, ಹೇಳಿದರೆ ದೃಷ್ಟಿಯಾದೀತೆಂದು. ಕಟ್ಟು ತೂಗುಹಾಕಿದ ವಾರದೊಳಗೆ, ಒಂದು ಮಧ್ಯಾಹ್ನ ರೊಟ್ಟಿ ತಂದಾಗ ಅವಳು ಬಾಗಿಲಲ್ಲೇ ನಿಂತಳು. ಗಂಡನ ಬೆನ್ನು ಅವಳ ಕಡೆಗಿತ್ತು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಆ ಬೆನ್ನನ್ನು ಬಾಗಿಲಿನಿಂದ ಅವಳು ನೋಡಿದ್ದು ಅದೇ ಮೊದಲು. ಕೋಟು ಕುರ್ಚಿಯ ಮೇಲಿತ್ತು. ಎರಡೂ ತೊಡೆ ಊರಿ, ಹೆಗಲು ಇಳಿಬಿಟ್ಟು, ಯಾವುದೋ ತಂತಿಗೆ ಬೆಸುಗೆ ಹಾಕುತ್ತ ಕೂತಿದ್ದ. ಅವಳು ಸಪ್ಪಳ ಮಾಡದೆ ರೊಟ್ಟಿಯ ಗಂಟು ಹಿಡಿದು ಬಹಳ ಹೊತ್ತು ನಿಂತಿದ್ದಳು. ಅಂದಿನಿಂದ ಶುಕ್ರವಾರಕ್ಕೊಮ್ಮೆ ಆ ಗಾಜನ್ನು ಒದ್ದೆ ಬಟ್ಟೆಯಿಂದ ತಾನೇ ಒರೆಸತೊಡಗಿದಳು. ಗಂಡನ ಬೆನ್ನಿಗೆ ಕಾವಲು ಕೂತ ಕಾಗದವೆಂದು ಅವಳಿಗೆ ಅದರ ಮೇಲೆ ಮಮತೆ.

ಆ ಮಮತೆಯೇ ಕೇಡಿಗೆ ದಾರಿಯಾಯಿತು. ಹರಪನಹಳ್ಳಿಯಲ್ಲಿ ಆಟದ ಕೋಣೆಯಿಟ್ಟಿದ್ದ ಕಾಂತೇಶ್ ಎಂಬಾತ ಒಮ್ಮೆ ಬಂದ. ರಹಿಮಾನ್ ನಮಾಜಿಗೆ ಹೋಗಿದ್ದ. ಮುಮ್ತಾಜ್ ಚಹಾ ಕೊಟ್ಟಳು. ಅವನು ಗೋಡೆ ನೋಡಿ ಹೊಗಳಿದ. ಹೊಗಳಿಕೆಗೆ ಹಿಗ್ಗಿ, “ನಮ್ಮನಿಯವ್ರು ಕಳ್ಳಮಾಲು ಮುಟ್ಟಂಗಿಲ್ರಿ” ಎಂದಳು. “ಇಂಥಾದ್ದೊಂದು ನಾನೂ ತರಿಸ್ಬೇಕಕ್ಕ, ಮಾದರಿಗೆ ಇರಲಿ” ಎಂದು ಕಾಂತೇಶ್ ಮೊಬೈಲ್ ತೆಗೆದ. ಗಾಜಿನ ಮೇಲೆ ಬೆಳಕು ಬಿದ್ದು ಸರಿ ಕಾಣುತ್ತಿಲ್ಲವೆಂದಾಗ ಕಿಟಕಿಯ ಪರದೆ ಎಳೆದು ನೆರಳು ಮಾಡಿಕೊಟ್ಟವಳೂ ಅವಳೇ.

ಮಳೆಗಾಲದ ಮೊದಲ ಗುಡುಗಿಗೆ ಕರೆಂಟು ಜಿಗಿದು ಒಂದು ಕಂಪ್ಯೂಟರಿನ ಡಿಸ್ಕು ಸುಟ್ಟಿತು. ರಹಿಮಾನನಿಗೆ ಅದೇನು ದೊಡ್ಡದಲ್ಲ. ಹೊಸ ಡಿಸ್ಕು ಹಾಕಿ, ಸೀಡಿ ತೂರಿಸಿ, ಗೋಡೆ ನೋಡಿ ನಂಬರು ಒತ್ತಿಸಿದ. ಪರದೆಯ ಮೇಲೆ ಕೆಂಪಕ್ಷರ ಬಂತು. ಮುಸ್ಕಾನ್ ಎರಡು ಸಲ ಓದಿದಳು.

“ಈ ನಂಬರ್ ಎಷ್ಟು ಮಿಷನ್ನಿಗೆ ಹಾಕ್ಬೇಕಿತ್ತೋ ಅದಕಿಂತ ಭಾಳ ಕಡಿ ಹಾಕ್ಯಾರಂತ. ನಿಮ್ಮತ್ರ ಇರೋದು ಅಸಲು ಅಲ್ಲದಿರಬಹುದು ಅಂತೈತಿ.”

“ಅಸಲು ಅಲ್ಲ ಅಂತೈತಾ?” ಎಂದ ರಹಿಮಾನ್. ಅವನ ಕೈ ಎದೆಗೆ ಹೋಯಿತು. ಎದೆಯ ಮೇಲೆ ಕೋಟಿರಲಿಲ್ಲ. ಬರಿಯ ಅಂಗಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಕುರ್ಚಿಯವರೆಗೆ ಹೋಗಿ ಕೋಟು ತೊಟ್ಟುಕೊಂಡ. ಮರುದಿನ ಉಳಿದೆರಡರಲ್ಲೂ ಅದೇ ಕೆಂಪಕ್ಷರ ಬಂತು.

ಅಂದಿನಿಂದ ಅಂಗಡಿಯ ಷಟರು ಹಗಲಲ್ಲೇ ಮೊಣಕಾಲಿನ ಮಟ್ಟಕ್ಕೆ ಇಳಿಯಿತು. ಹೊರಗೆ ಹಾದುಹೋಗುವವರ ಪಾದ ನೋಡುತ್ತ ರಹಿಮಾನ್ ಒಳಗೆ ಕೂಡುತ್ತಿದ್ದ. ಚಪ್ಪಲಿಯಾದರೆ ಉಸಿರು, ಬೂಟಾದರೆ ಉಸಿರಿಲ್ಲ. ಮೂರನೆಯ ದಿನ ಬೂಟಿನ ಕಾಲುಗಳೆರಡು ಬಂದು ಷಟರಿನ ಮುಂದೆ ನಿಂತವು. ಖಾಕಿ ಪ್ಯಾಂಟು. ರಹಿಮಾನ್ ತಾನೇ ಷಟರು ಎತ್ತಿದ. ಬಂದವನು ಬಾಯಿ ತೆರೆಯುವ ಮೊದಲೇ ನಾಲ್ಕೂ ಜೇಬಿನ ಕಾಗದ ತೆಗೆದು, ಡಬ್ಬಿಯ ರಸೀತಿ ಮೇಲಿಟ್ಟು, ಎರಡೂ ಕೈಯಲ್ಲಿ ಒಪ್ಪಿಸಿದ.

“ನೋಡ್ರಿ ಸಾಹೇಬ್ರ, ನಾನು ಕಳ್ಳ ಅಲ್ರಿ.”

ಬಂದವನು ಕಾಗದದ ಕಂತೆಯನ್ನು ಹಿಡಿದು ಕಕ್ಕಾಬಿಕ್ಕಿಯಾದ. “ಯಜಮಾನ್ರ, ಮೀಟರ್ ಎಲ್ಲೈತ್ರಿ? ರೀಡಿಂಗ್ ಬರ್ಕೊಂಡು ಹೋಗ್ತೀನಿ.”

ಬಾಣಲೆಯ ಮುಂದಿದ್ದ ದ್ಯಾಮಕ್ಕ ಆ ದಿನ ನಗಲಿಲ್ಲ. ಒಂದು ಪೊಟ್ಟಣ ಮಂಡಕ್ಕಿ ಕಟ್ಟಿ, ಮುಮ್ತಾಜಳ ಕೈಗೆ ಕೊಟ್ಟು, “ಅಕ್ಕ, ಅಣ್ಣಗ ಒಂದ್ ತಾಯಿತ ಕಟ್ಟಿಸು. ಮಕಾ ನೋಡಿದ್ರ ನನಗ ಅಂಜಿಕಿ ಬರ್ತೈತಿ” ಎಂದಳು.

ಡಬ್ಬಿಯ ಬೆನ್ನಿಗೆ ಆಟದ ಕಂಪನಿಯ ಫೋನ್ ನಂಬರಿತ್ತು. ಮುಸ್ಕಾನ್ ಮಾತಾಡಿದಳು, ಆ ಕಡೆ ಬಹಳ ನಯವಾದ ಗಂಡಸಿನ ದನಿ, ಸಿಟ್ಟಿಲ್ಲದ್ದು, ಅವಸರವಿಲ್ಲದ್ದು. ಮಗಳು ಕೇಳಿ ಕೇಳಿ ತಂದೆಗೆ ಹೇಳಿದಳು.

“ಆಟ ನೀವು ಕೊಂಡೇ ಇಲ್ಲಂತ ಅಬ್ಬಾ. ಡಬ್ಬಿ ನಮ್ದು, ಸೀಡಿ ನಮ್ದು. ಆಟ ಅವರ್ದಽ ಅಂತ. ಆಡಾಕ ಒಪ್ಪಿಗಿ ಅಷ್ಟಽ ನಮಗ ಕೊಟ್ಟಿದ್ರಂತ. ನಂಬರು ಬ್ಯಾರೆದವರಿಗೆ ತೋರ್ಸಿದ್ರ ಒಪ್ಪಿಗಿ ರದ್ದಂತ. ಆ ಸಣ್ಣಕ್ಷರದಾಗ ಐತಂತ ನೋಡು.”

ಪೆಟ್ಟಿಗಿ ನಿಂದು, ಕೇಳೋ ಹಕ್ಕು ನಿಂದಲ್ಲ. ಮೂವತ್ತು ವರ್ಷಗಳ ಹಿಂದಿನ ಆ ಮಾತು ಗಂಡನ ಕಣ್ಣಿನಲ್ಲಿ ಹಾದುಹೋದದ್ದನ್ನು ಮುಮ್ತಾಜ್ ಕಂಡಳು. ರಹಿಮಾನ್ ಒಂದೇ ಒಂದು ಕೇಳಿದ: “ಮನಿಗೆ ಯಾವಾಗ ಬರ್ತಾರ ಕೇಳು.”

ಮುಸ್ಕಾನ್ ಕೇಳಿದಳು. ಆ ಕಡೆಯವನಿಗೆ ತಿಳಿಯಲಿಲ್ಲ, ಮತ್ತೆ ಕೇಳಿದಳು. “ಯಾರೂ ಬರಂಗಿಲ್ಲಂತ ಅಬ್ಬಾ. ಬರೋದು ಬೇಕಾಗಿಲ್ಲಂತ. ಅಲ್ಲಿಂದಽ ಬಂದ್ ಮಾಡ್ಯಾರಂತ.”

ಬರುವುದಿಲ್ಲವೆಂದರೆ ನೆಮ್ಮದಿಯಾಗಬೇಕಿತ್ತು. ಆದರೆ ಮುಮ್ತಾಜಳಿಗೆ ಗಂಡನ ಮೋರೆ ಅಷ್ಟು ಬಿಳುಪಾದದ್ದು ನೆನಪಿಲ್ಲ. ಜನ್ಮವಿಡೀ ಬಾಗಿಲನ್ನೇ ಕಾದವನು. ಖಾಕಿ ಚೀಲದವನಿಗಾದರೂ ಸೈಕಲ್ಲಿತ್ತು, ಹಗ್ಗವಿತ್ತು, ಹೊಸ್ತಿಲು ದಾಟುವ ಕಾಲಿತ್ತು. ಓಣಿಯ ಮಂದಿ ಸಾಕ್ಷಿಯಿದ್ದರು. ಈಗ ಒಯ್ಯುವವರಿಗೆ ಕಾಲೇ ಬೇಡ. ಡಬ್ಬಿ ಇದ್ದಲ್ಲೇ ಇದೆ, ಸೀಡಿ ಇದ್ದಲ್ಲೇ ಇದೆ, ಕಾಗದ ಗಾಜಿನೊಳಗೆ ಮಿನುಗುತ್ತಲೇ ಇದೆ. ಒಳಗಿನದನ್ನು ಮಾತ್ರ ಯಾರೋ ಎಲ್ಲಿಂದಲೋ ಎತ್ತಿಕೊಂಡು ಹೋಗಿದ್ದಾರೆ. ಇಂಥವರಿಗೆ ಯಾವ ಮೂಲೆಯಲ್ಲಿ ಕೂತು ಕಾವಲು ಕಾಯುವುದು?

ಆ ಸಂಜೆ ಅವನು ಮನೆಯ ತುಂಬ ಓಡಾಡಿ ಒಂದೊಂದನ್ನೇ ಮುಟ್ಟಿದ. ಗಡಿಯಾರ ಮುಟ್ಟಿ, “ಇದು ನಮ್ದಽ ಏನು?” ಎಂದ. ನಮ್ಮದೇ ಎಂದಳು ಮುಮ್ತಾಜ್. ಹೊಲಿಗೆ ಯಂತ್ರ ಮುಟ್ಟಿದ, ಫ್ಯಾನು ನೋಡಿದ, ಕಡೆಗೆ ಗೋಡೆಯ ಮೇಲೆ ಅಂಗೈಯಿಟ್ಟು ನಿಂತ. ಕೇಳಲಿಲ್ಲ. ಕೇಳದೇ ಇದ್ದದ್ದಕ್ಕೇ ಅವಳಿಗೆ ಹೆಚ್ಚು ಕಳವಳವಾಯಿತು. ಆಗ ಅವಳು ಕಾಂತೇಶನ ಮಾತು ಹೇಳಿದಳು. ಪರದೆ ಎಳೆದದ್ದನ್ನೂ ಹೇಳಿದಳು. ಬಯ್ಯಲಿ, ಹೊಡೆಯಲಿ, ಈ ಮೌನವಾದರೂ ಒಡೆಯಲಿ ಎಂದುಕೊಂಡು ತಲೆ ತಗ್ಗಿಸಿದಳು.

“ಫೋಟೋ ತಗಂಡ್ನಾ?” ಎಂದ ಅವನು. ಗೋಡೆಯಿಂದ ಕೈ ತೆಗೆದು, “ನೀ ಏನ್ ಮಾಡ್ತಿ. ತೂಗ ಹಾಕಿದಾವ ನಾನಽ” ಎಂದ.

ಮರುದಿನ ಇಬ್ಬರೂ ಹರಪನಹಳ್ಳಿಯ ಬಸ್ಸು ಹತ್ತಿದರು. ಒಬ್ಬನನ್ನೇ ಕಳಿಸಲು ಅವಳಿಗೆ ಧೈರ್ಯವಿರಲಿಲ್ಲ. ಒಬ್ಬನೇ ಹೋಗಲು ಅವನಿಗೂ ಇರಲಿಲ್ಲ. ಕಾಂತೇಶನ ಕೋಣೆ ಬಸ್ ಸ್ಟ್ಯಾಂಡಿನ ಹಿಂದೆ. ಬಾಗಿಲು ಹಾರುಹೊಡೆದಿತ್ತು. ಒಳಗೆ ಆರು ಕಂಪ್ಯೂಟರು, ಆರರಲ್ಲೂ ಅದೇ ಕಾರು, ಅದೇ ಬೀದಿ. ಗೋಡೆಯ ಮೇಲೆ, ಕುಡಿಯುವ ನೀರಿನ ಕೊಡದ ಮೇಲ್ಭಾಗದಲ್ಲಿ, ಸೀಮೆಸುಣ್ಣದಲ್ಲಿ ದೊಡ್ಡದಾಗಿ ಬರೆದ ನಂಬರು. ಮುಮ್ತಾಜಳಿಗೆ ಓದಲು ಬಾರದಿದ್ದರೂ ಆ ಸಾಲಿನ ರೂಪ ಗೊತ್ತಿತ್ತು. ವರ್ಷವಿಡೀ ಶುಕ್ರವಾರಕ್ಕೊಮ್ಮೆ ಒರೆಸಿದ ಸಾಲು.

“ಬರ್ರಿ ರಹಿಮಾನಣ್ಣ, ಕುಂತ್ಕಳ್ರಿ. ಅಕ್ಕಾರೂ ಬಂದಾರೆ” ಎಂದ ಕಾಂತೇಶ್. ಅವನ ಮುಖದಲ್ಲಿ ಅಳುಕಿರಲಿಲ್ಲ.

“ನಮ್ಮ ಆಟ ನಿಂತೈತಿ” ಎಂದ ರಹಿಮಾನ್, ಗೋಡೆಯ ಕಡೆ ನೋಡುತ್ತ.

“ನಿಲ್ಲದೆ ಏನಣ್ಣ. ನಾ ಆರಕ್ಕೆ ಹಾಕ್ದೆ, ಇಟ್ಟಿಗಿ ಊರಾವ ಬರ್ಕಂಡು ಹೋದ, ಹಡಗಲಿಯವ್ರು ಒಯ್ದ್ರು. ನಮ್ಮವೂ ಒಂದಿನ ನಿಂತ್ವು. ಅದಕ್ಕೆ ನಂಬರೇ ಕೇಳದ ಸೀಡಿ ತರಿಸ್ದೆ, ಬೀಗ ಮುರಿದದ್ದು. ಕುದುರಿ ಓಡ್ದಂಗ ಓಡ್ತೈತೆ. ನಿಮಗೂ ಒಂದು ಕೊಡ್ತೀನಿ ತಡೀರಿ. ಏನೂ ಕೊಡಾದು ಬ್ಯಾಡ.” ಡ್ರಾಯರಿನಿಂದ ಹೊದಿಕೆಯಿಲ್ಲದ ಸೀಡಿಯೊಂದನ್ನು ತೆಗೆದು ಚಾಚಿದ. “ಅಣ್ಣ, ನೀವು ಕೊಂಡಿದ್ದೂ ನಿಮ್ದಲ್ಲ, ನಾ ಕದ್ದಿದ್ದೂ ನಂದಲ್ಲ. ಸುಮ್ನೆ ಆಡ್ಸದು.”

ತಗೊಳ್ಳಲಿ, ಎಂದು ಮುಮ್ತಾಜಳ ಮನಸ್ಸು ಒಂದು ಕ್ಷಣ ಅಂದಿತು. ತಗೊಂಡು ಷಟರು ಎತ್ತಲಿ, ಹೇಗೋ ಉಸಿರಾಡಲಿ. ಅಷ್ಟರಲ್ಲಿ ಹೊರಗೆ ಜೀಪೊಂದು ಹಾದುಹೋಯಿತು. ರಹಿಮಾನನ ಕೈ ಎದೆಗೆ ಹೋಯಿತು. ಕಾಂತೇಶ್ ತಿರುಗಿಯೂ ನೋಡಲಿಲ್ಲ. ಕದ್ದವನು ಬಾಗಿಲಿಗೆ ಬೆನ್ನು ಕೊಟ್ಟು ಹಾಯಾಗಿ ಕೂತಿದ್ದ. ಕೊಂಡವನು ಬೆವರುತ್ತ ನಿಂತಿದ್ದ.

ರಹಿಮಾನ್ ಸೀಡಿ ಮುಟ್ಟಲಿಲ್ಲ. ಗೋಡೆಯ ಹತ್ತಿರ ಹೋಗಿ, ಕೋಟಿನ ತೋಳನ್ನು ಅಂಗೈಯ ಮೇಲೆ ಎಳೆದುಕೊಂಡು, ಸೀಮೆಸುಣ್ಣದ ಆ ಸಾಲನ್ನು ಒರೆಸತೊಡಗಿದ. ಒಂದೊಂದೇ ಅಂಕಿ. ಕಾಂತೇಶ್ ಎದ್ದ, ಜಗಳಕ್ಕೆ ಬಂದನೆಂದು ತಿಳಿದಿರಬೇಕು.

“ಇದು ಹಿಂಗ ಕಾಣಬಾರ್ದಪ” ಎಂದ ರಹಿಮಾನ್, ಒರೆಸುತ್ತಲೇ. “ನಂದಂತೂ ಹೋತು. ಯಾರಾರ ಬಂದು ನೋಡಿದ್ರ ನಿನಗ ತ್ರಾಸು. ಬಾಗ್ಲ ಒಂಚೂರು ಮುಂದ ಮಾಡ್ಕೋ.”

ಕಾಂತೇಶ್ ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡ. ಕಡೆಗೆ ತಾನೇ ಹೋಗಿ ಬಾಗಿಲನ್ನು ಅರ್ಧ ಮುಚ್ಚಿದ.

ಕೊಟ್ಟೂರಿಗೆ ಬಂದ ಮೇಲೆ ರಹಿಮಾನ್ ಗೋಡೆಯ ಕಟ್ಟನ್ನು ತೆಗೆಯಲಿಲ್ಲ, ತಿರುಗಿಸಿದ. ಗಾಜು ಗೋಡೆಗೆ, ರಟ್ಟಿನ ಬೆನ್ನು ಮಂದಿಗೆ. ಏನದು ಎಂದು ಕೇಳಿದವರಿಗೆ, “ನಮ್ದಲ್ಲ, ನಮ್ಮತ್ರ ಐತಿ” ಎನ್ನುತ್ತಿದ್ದ, ಮೈಲಪ್ಪನ ಟ್ರಾನ್ಸಿಸ್ಟರಿನ ವಿಷಯ ಹೇಳುವಾಗ ಹೇಳುತ್ತಿದ್ದ ದನಿಯಲ್ಲೇ. ಕಂಪ್ಯೂಟರುಗಳಲ್ಲಿ ಅರ್ಜಿ ಬೆರಳಚ್ಚು ಮಾಡುವ ಕೆಲಸವನ್ನು ಮುಸ್ಕಾನ್ ಹಚ್ಚಿಕೊಂಡಳು. ರಹಿಮಾನ್ ಮತ್ತೆ ಮೂಲೆಗೆ ಹೋದ. ಒಂದು ತೊಡೆಯ ಮೇಲೆ ಭಾರ, ಎದೆಯ ಮೇಲೆ ಕೈ. ಊಟವೂ ಅರ್ಧಕ್ಕೆ ನಿಲ್ಲತೊಡಗಿತು. ಸಪ್ಪಳವಿಲ್ಲದೆ ಬರುವವರನ್ನು ಕಿವಿಯಿಂದ ಹಿಡಿಯಲೆಂದೋ ಏನೋ, ತುತ್ತು ಬಾಯಲ್ಲಿಟ್ಟುಕೊಂಡು ಸುಮ್ಮನೆ ಕೂತುಬಿಡುತ್ತಿದ್ದ.

ಒಂದು ಮಧ್ಯಾಹ್ನ ಮುಮ್ತಾಜ್ ರೊಟ್ಟಿಯ ಗಂಟು ತಂದು, ಅವನ ಮೂಲೆಯಲ್ಲಿ ತಾನು ಕೂತಳು. ಗಂಡನ ತಾಟನ್ನು ಎದುರಿಗೆ, ಬಾಗಿಲ ಕಡೆ ಬೆನ್ನಾಗುವ ಹಾಗೆ ಇಟ್ಟಳು. ಅವನು ನಿಂತೇ ಇದ್ದ.

“ಕುಂದರ್ರಿ. ಬಾಗ್ಲ ನಾ ನೋಡ್ತೀನಿ, ನೀವು ಉಣ್ರಿ.”

“ಬಾಗ್ಲದಾಗ ಬರಲಾರ್ದ ಒಯ್ಯಾವ್ರು ಬಂದ್ರ?”

“ಅವ್ರು ನಿಮಗೂ ಕಾಣಂಗಿಲ್ಲ, ನನಗೂ ಕಾಣಂಗಿಲ್ಲ. ರೊಟ್ಟಿ ಆರ್ತೈತಿ.”

ಬಹಳ ಹೊತ್ತಿನ ಮೇಲೆ ಅವನು ಕೂತ. ಕೋಟು ತೆಗೆಯಲಿಲ್ಲ. ಆದರೂ ಒಂದು ರೊಟ್ಟಿ ಪೂರ್ತಿಯಾಯಿತು. ಅವಳು ಅವನ ಭುಜದ ಮೇಲಿಂದ, ಬಿಸಿಲು ಕುಣಿಯುವ ದಾರಿಯನ್ನು ರೆಪ್ಪೆ ಬಡಿಯದೆ ನೋಡುತ್ತಿದ್ದಳು. ಅವಳಿಗೂ ಆಗ ಮೊದಲ ಬಾರಿಗೆ ಹೆದರಿಕೆಯಾಗುತ್ತಿತ್ತು. ಅದನ್ನು ಅವಳು ಹೇಳಲಿಲ್ಲ.

ಇಂಥವರು ಪ್ರತಿ ಊರಿನಲ್ಲೂ ಒಬ್ಬಿಬ್ಬರು ಇರುತ್ತಾರೆ. ಕೊಂಡದ್ದಕ್ಕೆ ರಸೀತಿ, ಕೊಟ್ಟದ್ದಕ್ಕೆ ಸಾಕ್ಷಿ, ಮರೆತುಹೋದವರ ಪೆಟ್ಟಿಗೆಗೂ ಹೆಸರು ಬರೆದಿಟ್ಟು ಕಾಯುವವರು. ನಾವು ಅವರನ್ನು ಅಂಜುಬುರುಕರೆಂದು ನಗುತ್ತೇವೆ. ಜಗತ್ತು ಅಳ್ಳಕವಾಗದೆ ನಿಂತಿರುವುದು ಆ ಅಂಜಿಕೆಯ ಮೊಳೆಗಳಿಂದಲೇ ಇದ್ದೀತು. ಆದರೆ ಸುಲಿಯುವವನು ಮೊದಲು ತಟ್ಟುವುದು ಅವರ ಬಾಗಿಲನ್ನೇ, ಏಕೆಂದರೆ ತಟ್ಟಿದರೆ ತೆರೆಯುವವರು ಅವರೊಬ್ಬರೇ. ತಟ್ಟದೆಯೇ ಒಯ್ಯುವ ಕಾಲ ಬಂದಾಗ ಅಂಥವರಿಗೆ ಉಳಿಯುವ ಕಾಗದ ಯಾವುದೂ ಇಲ್ಲ. ಎದುರಿಗೆ ಕೂತು, ತಮ್ಮ ಅಂಜಿಕೆ ಮುಚ್ಚಿಟ್ಟುಕೊಂಡು, ಉಣ್ರಿ ಎನ್ನುವವರು ಒಬ್ಬರಿದ್ದರೆ ಅದೇ ಹೆಚ್ಚು.